ಹೆರಿಗೆ ಹೊತ್ತಿನ ಆಂಟಿಬಯೋಟಿಕ್ ಮತ್ತು ಹಸುಗೂಸು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆ ಕೋಣೆಯಲ್ಲಿ ತಾಯಿಯ ಕೈಗೆ ಸೂಜಿ ಹಾಕಿ ಆಂಟಿಬಯೋಟಿಕ್ ಏರಿಸುವಾಗ ಹೊರಗೆ ಕುಳಿತ ಮನೆಯವರಿಗೆ ಒಂದೇ ಯೋಚನೆ: ಇದು ಮಗುವಿಗೆ ಏನಾದರೂ ಮಾಡೀತೇ? ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ ಬಗೆ. ಒಂದೋ ‘ಏನೂ ಆಗುವುದಿಲ್ಲ, ಸುಮ್ಮನಿರಿ’ ಎಂಬ ಗದರಿಕೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಬಂದ ಹೆದರಿಕೆ. ನಿಜವಾದ ಉತ್ತರ ಯಾವ ಔಷಧ, ಯಾವ ಕಾರಣಕ್ಕೆ, ಯಾವ ಹೊತ್ತಿನಲ್ಲಿ ಎಂಬುದನ್ನು ಅವಲಂಬಿಸಿದೆ. ಸ್ಪಷ್ಟ ಕಾರಣವಿದ್ದು ಕೊಟ್ಟ ಔಷಧ ಮಗುವಿನ ಜೀವ ಉಳಿಸುತ್ತದೆ. ಕಾರಣವಿಲ್ಲದೆ ಕೊಟ್ಟದ್ದರಿಂದ ಮಗುವಿಗೆ ಯಾವ ಲಾಭವೂ ಇಲ್ಲ, ಕೆಲವೊಮ್ಮೆ ಹಾನಿಯೂ ಉಂಟು.

ತಾಯಿಗೆ ಕೊಟ್ಟ ಆಂಟಿಬಯೋಟಿಕ್ ಮಗುವಿಗೂ ತಲುಪುತ್ತದೆಯೇ?

ತಲುಪುತ್ತದೆ. ರಕ್ತನಾಳಕ್ಕೆ ಕೊಟ್ಟ ಪೆನಿಸಿಲಿನ್ ಅಥವಾ ಆಂಪಿಸಿಲಿನ್ ಮಾಸು ದಾಟಿ ಕೆಲವೇ ನಿಮಿಷಗಳಲ್ಲಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ, ಆಮೇಲೆ ಮಗುವಿನ ಸುತ್ತಲಿನ ಗರ್ಭಜಲಕ್ಕೂ ಸೇರುತ್ತದೆ. ಅನೇಕ ಸಂದರ್ಭಗಳಲ್ಲಿ ಅದು ಮಗುವಿಗೆ ತಲುಪಬೇಕೆಂದೇ ಕೊಡುತ್ತಾರೆ. ತಲುಪದಿದ್ದರೆ ಕೊಟ್ಟು ಪ್ರಯೋಜನವಿಲ್ಲ.

ಹುಟ್ಟಿದ ಮಗುವಿನ ಮೂತ್ರಪಿಂಡಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಹಾಗಾಗಿ ದೊಡ್ಡವರ ದೇಹದಿಂದ ಹೊರಹೋಗುವಷ್ಟು ಬೇಗ ಔಷಧ ಮಗುವಿನ ದೇಹದಿಂದ ಹೋಗುವುದಿಲ್ಲ. ಆದರೂ ಪೆನಿಸಿಲಿನ್ ಜಾತಿಯ ಔಷಧಗಳು ಒಂದೆರಡು ದಿನಗಳಲ್ಲಿ ಮೂತ್ರದ ಮೂಲಕ ಹೊರಟುಹೋಗುತ್ತವೆ. ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ: ಹಸುಗೂಸಿಗೆ ರಕ್ತದ ನಂಜು ತಗುಲಿದರೆ ಮಕ್ಕಳ ವೈದ್ಯರು ಮೊದಲು ಕೈಗೆತ್ತಿಕೊಳ್ಳುವ ಜೋಡಿಯೇ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್. ದಿನ ತುಂಬದೆ ಹುಟ್ಟಿದ ಪುಟ್ಟ ಮಕ್ಕಳಿಗೂ ಇವನ್ನು ನೇರವಾಗಿ, ದಿನಗಟ್ಟಲೆ ಕೊಡುತ್ತಾರೆ. ತಾಯಿಯ ಮೂಲಕ ಕೆಲವು ಗಂಟೆಗಳ ಕಾಲ ಬಂದು ಹೋಗುವ ಅದೇ ಔಷಧದ ಬಗ್ಗೆ ನಮಗೆ ದಶಕಗಳ ಅನುಭವವಿದೆ.

ಹೆರಿಗೆಯ ಸಮಯದಲ್ಲಿ ಯಾವ ಕಾರಣಗಳಿಗೆ ಕೊಡುತ್ತಾರೆ?

ತಾಯಿಯ ಜನನಾಂಗದಲ್ಲಿರುವ ಜಿಬಿಎಸ್ ಎಂಬ ಬ್ಯಾಕ್ಟೀರಿಯಾ ಮಗುವಿಗೆ ದಾಟದಿರಲಿ ಎಂದು ಕೊಡುವುದು ಒಂದು. ಗರ್ಭಕೋಶದೊಳಗೇ ಸೋಂಕಾಗಿ ತಾಯಿಗೆ ಜ್ವರ ಬಂದಾಗ ಕೊಡುವುದು ಇನ್ನೊಂದು. ಇಲ್ಲಿ ತಡಮಾಡುವಂತೆಯೇ ಇಲ್ಲ. ದಿನ ತುಂಬುವ ಮೊದಲೇ ನೀರು ಒಡೆದು ನೋವು ಬಾರದಿದ್ದಾಗ, ಸಿಸೇರಿಯನ್‌ಗೆ ಮುನ್ನ, ಮಾಸನ್ನು ಕೈಹಾಕಿ ತೆಗೆಯಬೇಕಾದಾಗ, ಹೆರಿಗೆಯಲ್ಲಿ ಗುದದ್ವಾರದವರೆಗೂ ಹರಿದಾಗ ಕೊಡುವುದೂ ಉಂಟು. ಕೊನೆಯ ಎರಡು ಸಂದರ್ಭಗಳಲ್ಲಿ ಮಗು ಆಗಲೇ ಹೊರಬಂದಿರುತ್ತದೆ, ಹಾಗಾಗಿ ಮಾಸಿನ ಮೂಲಕ ಮಗುವಿಗೆ ಔಷಧ ಸೇರುವ ಪ್ರಶ್ನೆಯೇ ಇಲ್ಲ.

ಯಾವ ತೊಡಕೂ ಇಲ್ಲದ ಸಹಜ ಹೆರಿಗೆಗೆ ವಾಡಿಕೆಯಂತೆ ಆಂಟಿಬಯೋಟಿಕ್ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಹೊಲಿಗೆ ಹಾಕಿದರು ಎಂಬ ಒಂದೇ ಕಾರಣಕ್ಕೂ ಬೇಡ.

ಜಿಬಿಎಸ್ ಎಂದರೆ ಏನು? ಅದಿದ್ದರೆ ತಾಯಿಗೆ ರೋಗವಿದೆ ಎಂದೇ?

ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬುದರ ಚಿಕ್ಕ ಹೆಸರು ಜಿಬಿಎಸ್. ಅನೇಕ ಆರೋಗ್ಯವಂತ ಹೆಂಗಸರ ಕರುಳಿನಲ್ಲಿ ಮತ್ತು ಯೋನಿಯಲ್ಲಿ ಇದು ತನ್ನಷ್ಟಕ್ಕೆ ಇರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಜಗತ್ತಿನಾದ್ಯಂತ ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರಲ್ಲಿ ಇದೆ, ದಕ್ಷಿಣ ಏಷ್ಯಾದಲ್ಲಿ ಸ್ವಲ್ಪ ಕಡಿಮೆ. ಇದು ಲೈಂಗಿಕ ರೋಗವಲ್ಲ, ಸ್ವಚ್ಛತೆಯ ಕೊರತೆಯಿಂದ ಬರುವುದೂ ಅಲ್ಲ. ಸೊಸೆಯ ವರದಿಯಲ್ಲಿ ‘ಪಾಸಿಟಿವ್’ ಎಂದು ಬಂದ ಕೂಡಲೇ ಮನೆಯಲ್ಲಿ ಗುಸುಗುಸು ಆರಂಭವಾಗುವುದುಂಟು. ಅದು ಅನ್ಯಾಯ.

ತೊಂದರೆ ಬರುವುದು ಮಗು ಹೊರಬರುವ ದಾರಿಯಲ್ಲಿ. ಔಷಧ ಕೊಡದಿದ್ದರೆ ಇಂಥ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮೈಗೆ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತದೆ. ನೂರರಲ್ಲಿ ಒಂದೆರಡು ಮಕ್ಕಳಿಗೆ ಮೊದಲ ವಾರದೊಳಗೆ ರಕ್ತದ ನಂಜು, ನ್ಯುಮೋನಿಯಾ ಅಥವಾ ಮಿದುಳಿನ ಪೊರೆಯ ಸೋಂಕು ಬರುತ್ತದೆ. ನೂರರಲ್ಲಿ ಒಂದು ಎಂದರೆ ಸಣ್ಣದೆನಿಸಬಹುದು. ಆದರೆ ಈ ಕಾಯಿಲೆ ಗಂಟೆಗಳ ಲೆಕ್ಕದಲ್ಲಿ ಏರುತ್ತದೆ, ಬದುಕುಳಿದ ಮಕ್ಕಳಲ್ಲೂ ಕೆಲವರಿಗೆ ಶ್ರವಣದೋಷ, ಬುದ್ಧಿ ಬೆಳವಣಿಗೆಯ ತೊಂದರೆ ಉಳಿದುಬಿಡುತ್ತದೆ.

ಹೆರಿಗೆಯ ಸಮಯದಲ್ಲಿ ಆಂಪಿಸಿಲಿನ್ ಕೊಟ್ಟರೆ ಇದನ್ನು ತಡೆಯಬಹುದೆಂದು ಅಮೆರಿಕದ ವೈದ್ಯರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ತೋರಿಸಿದರು. 1996ರಲ್ಲಿ ಅಲ್ಲಿ ರಾಷ್ಟ್ರೀಯ ಮಾರ್ಗಸೂಚಿ ಬಂತು. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾವಿರ ಜನನಗಳಿಗೆ 1.7ರಷ್ಟು ಇದ್ದ ಈ ಕಾಯಿಲೆ 2015ರ ಹೊತ್ತಿಗೆ 0.23ಕ್ಕೆ ಇಳಿಯಿತು. ನವಜಾತ ಶಿಶುಗಳ ಆರೈಕೆಯಲ್ಲಿ ಇಷ್ಟು ಸರಳವಾದ ಕ್ರಮ ಇಷ್ಟು ದೊಡ್ಡ ಫಲ ಕೊಟ್ಟ ಉದಾಹರಣೆಗಳು ಕಡಿಮೆ.

ಅಮೆರಿಕದಲ್ಲಿರುವ ಮಗಳಿಗೆ ಈ ಪರೀಕ್ಷೆ ಮಾಡಿದರು. ಇಲ್ಲಿ ಊರಿನಲ್ಲಿ ಹೆತ್ತ ಸೊಸೆಗೆ ಯಾಕೆ ಮಾಡಲಿಲ್ಲ?

ದೇಶ ದೇಶಕ್ಕೆ ಪದ್ಧತಿ ಬೇರೆ. ಅಮೆರಿಕದಲ್ಲಿ 36ರಿಂದ 37 ವಾರ ತುಂಬಿದ ಎಲ್ಲ ಗರ್ಭಿಣಿಯರಿಗೂ ಯೋನಿ ಮತ್ತು ಗುದದ್ವಾರದಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಬ್ರಿಟನ್ನಿನಲ್ಲಿ ಎಲ್ಲರಿಗೂ ಮಾಡುವುದಿಲ್ಲ, ಅಪಾಯದ ಸೂಚನೆ ಇದ್ದವರಿಗೆ ಔಷಧ ಕೊಡುತ್ತಾರೆ. ಭಾರತದಲ್ಲಿಯೂ ಎಲ್ಲರಿಗೂ ಪರೀಕ್ಷೆ ಮಾಡುವ ಪದ್ಧತಿಯಿಲ್ಲ. ಡಾಲಸ್‌ನಲ್ಲಿರುವ ಅಕ್ಕ, ಲಂಡನ್ನಿನಲ್ಲಿರುವ ತಂಗಿ, ಹಾವೇರಿಯಲ್ಲಿರುವ ಅತ್ತಿಗೆ ಮೂವರೂ ಫೋನಿನಲ್ಲಿ ಮಾತನಾಡಿಕೊಂಡರೆ ಮೂರು ಬೇರೆ ಮಾತು ಕೇಳುವುದು ಹೀಗೆ. ಯಾರ ವೈದ್ಯರೂ ತಪ್ಪು ಮಾಡಿರಬೇಕೆಂದಿಲ್ಲ.

ಪರೀಕ್ಷೆ ಆಗದಿದ್ದಲ್ಲಿ ವೈದ್ಯರು ನೋಡುವ ಸೂಚನೆಗಳು ಇವು: 37 ವಾರಕ್ಕೆ ಮೊದಲೇ ಹೆರಿಗೆ, ನೀರು ಒಡೆದು 18 ಗಂಟೆ ಮೀರಿರುವುದು, ನೋವಿನ ನಡುವೆ ತಾಯಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಈ ಬಸಿರಿನಲ್ಲಿ ಮೂತ್ರದಲ್ಲಿ ಜಿಬಿಎಸ್ ಕಂಡಿರುವುದು, ಹಿಂದಿನ ಮಗುವಿಗೆ ಈ ಕಾಯಿಲೆ ಬಂದಿರುವುದು. ನೀರು ಒಡೆದ ಗಂಟೆಯನ್ನು ಬರೆದಿಟ್ಟುಕೊಳ್ಳಿ ಎಂದು ಒತ್ತಾಯಿಸಿ ಹೇಳುವುದು ಇದಕ್ಕಾಗಿಯೇ. ‘ನಿನ್ನೆ ರಾತ್ರಿ ಯಾವಾಗಲೋ’ ಎಂಬ ಉತ್ತರದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ವಿದೇಶದಲ್ಲಿ ಪರೀಕ್ಷೆ ಮಾಡಿಸಿಕೊಂಡು ಹೆರಿಗೆಗೆ ತವರಿಗೆ ಬರುವವರು ಆ ವರದಿಯನ್ನು ತಾಯಿ ಕಾರ್ಡಿನ ಜೊತೆಗಿಟ್ಟು ಇಲ್ಲಿನ ವೈದ್ಯರಿಗೆ ಮೊದಲೇ ತೋರಿಸಬೇಕು.

ಯಾವ ಔಷಧ ಕೊಡುತ್ತಾರೆ?

ಜಿಬಿಎಸ್‌ಗೆ ಮೊದಲ ಆಯ್ಕೆ ಪೆನಿಸಿಲಿನ್ ಜಿ, ಇಲ್ಲವೇ ಆಂಪಿಸಿಲಿನ್. ಆಂಪಿಸಿಲಿನ್ ಆದರೆ ಮೊದಲು 2 ಗ್ರಾಂ, ಆಮೇಲೆ ಹೆರಿಗೆಯಾಗುವವರೆಗೆ ನಾಲ್ಕು ಗಂಟೆಗೊಮ್ಮೆ 1 ಗ್ರಾಂ. ಗರ್ಭಕೋಶದೊಳಗೆ ಸೋಂಕಾಗಿದ್ದರೆ ಆಂಪಿಸಿಲಿನ್ ಜೊತೆ ಜೆಂಟಾಮೈಸಿನ್ ಸೇರಿಸುತ್ತಾರೆ. ಸಿಸೇರಿಯನ್‌ಗೆ ಸಾಮಾನ್ಯವಾಗಿ ಸೆಫಜೋಲಿನ್. ಇವೆಲ್ಲ ಹಳೆಯ, ಅಗ್ಗದ ಔಷಧಗಳು. ದುಬಾರಿ ಔಷಧವೇ ಮಗುವಿಗೆ ಒಳ್ಳೆಯದು ಎಂಬ ಭಾವನೆ ಇಲ್ಲಿ ಪೂರ್ತಿ ತಪ್ಪು; ಹಳೆಯದಾದಷ್ಟೂ ಮಗುವಿನ ಮೇಲೆ ಅದರ ಪರಿಣಾಮ ನಮಗೆ ಹೆಚ್ಚು ಗೊತ್ತು.

ಹೆರಿಗೆಗೆ ನಾಲ್ಕು ಗಂಟೆ ಮೊದಲೇ ಕೊಡಬೇಕು ಎನ್ನುತ್ತಾರೆ. ನನ್ನ ಹೆರಿಗೆ ಒಂದೇ ಗಂಟೆಯಲ್ಲಿ ಆಯಿತು. ಔಷಧ ವ್ಯರ್ಥವಾಯಿತೇ?

ನಾಲ್ಕು ಗಂಟೆ ಸಿಕ್ಕರೆ ರಕ್ಷಣೆ ಅತ್ಯುತ್ತಮ. ಎರಡು ಗಂಟೆ ಸಿಕ್ಕರೂ ಯೋನಿಯಲ್ಲಿನ ಬ್ಯಾಕ್ಟೀರಿಯಾ ಗಣನೀಯವಾಗಿ ತಗ್ಗುತ್ತದೆ. ಅದಕ್ಕಿಂತ ಕಡಿಮೆಯಾದರೆ ರಕ್ಷಣೆ ಪೂರ್ಣವೆಂದು ನಂಬಿಕೊಳ್ಳದೆ ಮಗುವನ್ನು ಹೆಚ್ಚು ಎಚ್ಚರದಿಂದ ಗಮನಿಸುತ್ತಾರೆ. ಔಷಧಕ್ಕೆ ಸಮಯ ಸಿಗಲೆಂದು ಹೆರಿಗೆಯನ್ನು ಯಾರೂ ತಡೆದು ಹಿಡಿಯುವುದಿಲ್ಲ, ಹಿಡಿಯಲೂಬಾರದು.

ಒಂಬತ್ತನೇ ತಿಂಗಳಲ್ಲೇ ಮಾತ್ರೆ ನುಂಗಿ ಬ್ಯಾಕ್ಟೀರಿಯಾವನ್ನು ಕೊಂದುಬಿಟ್ಟರೆ ಹೆರಿಗೆಯಲ್ಲಿ ಸೂಜಿ ತಪ್ಪುತ್ತದಲ್ಲವೇ?

ತಪ್ಪುವುದಿಲ್ಲ. ಮಾತ್ರೆ ಮುಗಿದ ಕೆಲವೇ ದಿನಗಳಲ್ಲಿ ಕರುಳಿನಿಂದ ಬ್ಯಾಕ್ಟೀರಿಯಾ ಮತ್ತೆ ಯೋನಿಗೆ ಬರುತ್ತದೆ, ಹೆರಿಗೆಯ ದಿನ ಅದು ಅಲ್ಲೇ ಇರುತ್ತದೆ. ಮೂತ್ರದಲ್ಲಿ ಸೋಂಕಾಗಿದ್ದರೆ ಮಾತ್ರ ಆಗಲೇ ಚಿಕಿತ್ಸೆ ಬೇಕು. ಆಗಲೂ ಹೆರಿಗೆಯ ಸಮಯದ ಔಷಧ ಬಿಡುವಂತಿಲ್ಲ. ಬೆಳ್ಳುಳ್ಳಿ ಎಸಳು ಇಟ್ಟುಕೊಳ್ಳುವುದು, ನಂಜುನಿವಾರಕ ದ್ರಾವಣದಿಂದ ತೊಳೆಯುವುದು ಇವು ಯಾವುವೂ ಮಗುವಿನ ಕಾಯಿಲೆಯನ್ನು ತಡೆದದ್ದು ಸಾಬೀತಾಗಿಲ್ಲ.

ನನಗೆ ಪೆನಿಸಿಲಿನ್ ಅಲರ್ಜಿ ಇದೆ. ಮಗುವಿಗೂ ಅಲರ್ಜಿ ಆಗುತ್ತದೆಯೇ?

ಇಲ್ಲಿ ಅಪಾಯ ಇರುವುದು ತಾಯಿಗೆ. ತೀವ್ರ ಅಲರ್ಜಿಯಾಗಿ ತಾಯಿಯ ರಕ್ತದೊತ್ತಡ ಕುಸಿದರೆ ಮಾಸಿಗೆ ಹೋಗುವ ರಕ್ತ ಕಡಿಮೆಯಾಗಿ ಮಗುವಿಗೂ ತೊಂದರೆಯಾಗುತ್ತದೆ. ಇದು ಬಹಳ ಅಪರೂಪ. ಅಂದಾಜುಗಳ ಪ್ರಕಾರ ಹತ್ತು ಸಾವಿರಕ್ಕೆ ನಾಲ್ಕರಿಂದ ಲಕ್ಷಕ್ಕೆ ನಾಲ್ಕರ ನಡುವೆ. ಆದರೂ ಇಂಥ ಔಷಧವನ್ನು ಆಸ್ಪತ್ರೆಯಲ್ಲೇ, ತುರ್ತು ಚಿಕಿತ್ಸೆ ಕೈಗೆಟುಕುವಲ್ಲೇ ತೆಗೆದುಕೊಳ್ಳಬೇಕು.

ಹಿಂದೆ ಯಾವ ಮಾತ್ರೆಗೆ ಏನಾಗಿತ್ತು ಎಂಬುದನ್ನು ಬಿಡಿಸಿ ಹೇಳಿ. ಮುಖ ಊದಿತೇ, ಉಸಿರು ಕಟ್ಟಿತೇ, ಮೈಯೆಲ್ಲ ದದ್ದು ಎದ್ದಿತೇ, ಬರೀ ಹೊಟ್ಟೆ ಕೆಟ್ಟಿತೇ? ಹೊಟ್ಟೆ ಕೆಟ್ಟರೆ ಅದು ಅಲರ್ಜಿಯಲ್ಲ. ಸೌಮ್ಯ ಅಲರ್ಜಿಯಾಗಿದ್ದರೆ ಸೆಫಜೋಲಿನ್ ಕೊಡುತ್ತಾರೆ. ತೀವ್ರವಾಗಿದ್ದರೆ, ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತದೆಂದು ಕಂಡಲ್ಲಿ ಕ್ಲಿಂಡಾಮೈಸಿನ್, ಇಲ್ಲವಾದರೆ ವ್ಯಾಂಕೋಮೈಸಿನ್.

ಮಗುವಿಗೆ ಹುಟ್ಟಿನಿಂದಲೇ ಊನವಾಗುವ ಭಯವಿದೆಯೇ?

ಇಲ್ಲ. ಮಗುವಿನ ಅಂಗಾಂಗಗಳು ರೂಪುಗೊಳ್ಳುವುದು ಬಸಿರಿನ ಮೊದಲ ಮೂರು ತಿಂಗಳಲ್ಲಿ. ಹೆರಿಗೆ ನೋವಿನ ಹೊತ್ತಿಗೆ ಆ ಕೆಲಸ ಮುಗಿದು ತಿಂಗಳುಗಳೇ ಕಳೆದಿರುತ್ತವೆ.

ಹಾಗಾದರೆ ಹಸುಗೂಸಿಗೆ ಹಾನಿ ಮಾಡುವ ಆಂಟಿಬಯೋಟಿಕ್‌ಗಳೇ ಇಲ್ಲವೇ?

ಇವೆ, ಮತ್ತು ಆ ಪಾಠವನ್ನು ವೈದ್ಯಲೋಕ ಬಹಳ ಬೆಲೆ ಕೊಟ್ಟು ಕಲಿತಿದೆ. 1950ರ ದಶಕದಲ್ಲಿ ದಿನ ತುಂಬದ ಮಕ್ಕಳಿಗೆ ಸೋಂಕು ಬಾರದಿರಲೆಂದು ಸಲ್ಫಾ ಔಷಧ ಕೊಡುತ್ತಿದ್ದರು. ಅದು ಕಾಮಾಲೆಯಲ್ಲಿ ಮೈಯನ್ನು ಹಳದಿ ಮಾಡುವ ಬಿಲಿರುಬಿನ್ ಎಂಬ ವಸ್ತುವನ್ನು ರಕ್ತದ ಪ್ರೋಟೀನಿನಿಂದ ಬಿಡಿಸಿ ಮಿದುಳಿಗೆ ಇಳಿಯುವಂತೆ ಮಾಡುತ್ತಿತ್ತು. ಸಲ್ಫಾ ಪಡೆದ ಮಕ್ಕಳಲ್ಲಿ ಸಾವು ಹೆಚ್ಚು ಎಂದು 1956ರ ಪ್ರಯೋಗವೊಂದು ತೋರಿಸಿದ ಮೇಲೆ ಅದು ನಿಂತಿತು. ಅದೇ ದಶಕದ ಕೊನೆಯಲ್ಲಿ ಕ್ಲೋರಾಂಫೆನಿಕಾಲ್ ಪಡೆದ ಹಸುಗೂಸುಗಳ ಮೈ ಬೂದು ಬಣ್ಣಕ್ಕೆ ತಿರುಗಿ, ರಕ್ತದೊತ್ತಡ ಕುಸಿದು ಸಾಯುವುದು ಕಂಡುಬಂತು. ಅವುಗಳ ಯಕೃತ್ತಿಗೆ ಆ ಔಷಧವನ್ನು ಕರಗಿಸುವ ಶಕ್ತಿಯೇ ಇರಲಿಲ್ಲ. ಟೆಟ್ರಾಸೈಕ್ಲಿನ್ ಹಲ್ಲು ಮತ್ತು ಮೂಳೆಗೆ ಸೇರಿ ಹಲ್ಲನ್ನು ಹಳದಿ ಮಾಡುತ್ತದೆ. ಬಸುರಿಯಲ್ಲಿ ಕ್ಷಯಕ್ಕೆ ದೀರ್ಘಕಾಲ ಕೊಟ್ಟ ಸ್ಟ್ರೆಪ್ಟೊಮೈಸಿನ್ ಮಗುವಿನ ಕಿವಿ ಕೆಡಿಸಿದ್ದುಂಟು.

ಹೆರಿಗೆ ಕೋಣೆಯಲ್ಲಿ ಇವುಗಳನ್ನು ಬಿಟ್ಟು ಪೆನಿಸಿಲಿನ್ ಜಾತಿಯನ್ನೇ ಆರಿಸುವುದು ಈ ಇತಿಹಾಸ ಗೊತ್ತಿರುವುದರಿಂದ. ಔಷಧದಂಗಡಿಯಿಂದ ತಾನೇ ಕೊಂಡು ತಂದ ಮಾತ್ರೆಯನ್ನು ತುಂಬು ಗರ್ಭಿಣಿ ನುಂಗಬಾರದೆಂದು ಹೇಳುವುದೂ ಅದಕ್ಕೇ.

ಜೆಂಟಾಮೈಸಿನ್ ಕೊಟ್ಟರೆ ಮಗು ಕಿವುಡಾಗುತ್ತದೆ ಎಂದು ಕೇಳಿದ್ದೇವೆ.

ಆ ಜಾತಿಯ ಔಷಧಗಳಿಗೆ ಒಳಗಿವಿಯನ್ನು ಹಾಳುಮಾಡುವ ಗುಣ ಇರುವುದು ನಿಜ. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಕೊಟ್ಟಾಗ ಅಪಾಯ ಏರುತ್ತದೆ. ಗರ್ಭಕೋಶದ ಸೋಂಕಿಗೆ ತಾಯಿಗೆ ಕೊಡುವುದು ಒಂದೆರಡು ಡೋಸ್ ಮಾತ್ರ. ಆ ಸೋಂಕನ್ನೇ ಹಾಗೆ ಬಿಟ್ಟರೆ ಮಗುವಿಗೆ ನಂಜು ತಗುಲಿ ಮಿದುಳು, ಕಿವಿ ಎರಡಕ್ಕೂ ಆಗುವ ಹಾನಿ ಅದಕ್ಕಿಂತ ಎಷ್ಟೋ ದೊಡ್ಡದು. ತಾಯಿಯ ಮನೆತನದಲ್ಲಿ ಇಂಥ ಇಂಜೆಕ್ಷನ್ ತೆಗೆದುಕೊಂಡು ಕಿವಿ ಹೋದವರಿದ್ದರೆ ವೈದ್ಯರಿಗೆ ಹೇಳಲೇಬೇಕು. ತಾಯಿಯಿಂದ ಮಕ್ಕಳಿಗೆ ಬರುವ ಒಂದು ಜೀನ್ ದೋಷವಿದ್ದರೆ ಸಣ್ಣ ಪ್ರಮಾಣವೂ ಕಿವಿ ಕೆಡಿಸಬಹುದು.

ಸಿಸೇರಿಯನ್‌ನಲ್ಲಿ ಮಗುವನ್ನು ಹೊರತೆಗೆದ ಮೇಲೆ ಔಷಧ ಕೊಟ್ಟರೆ ಮಗುವಿಗೆ ಸೇರುವುದು ತಪ್ಪುತ್ತದೆ. ಹಾಗೇಕೆ ಮಾಡುವುದಿಲ್ಲ?

ಹಿಂದೆ ಹಾಗೆಯೇ ಮಾಡುತ್ತಿದ್ದರು. ಹೊಕ್ಕುಳಬಳ್ಳಿ ಕತ್ತರಿಸಿದ ನಂತರ ಕೊಡುವುದು ಬಹುಕಾಲ ರೂಢಿಯಲ್ಲಿತ್ತು. ಆಮೇಲೆ ಎರಡೂ ಪದ್ಧತಿಗಳನ್ನು ಹೋಲಿಸಿ ಪ್ರಯೋಗಗಳಾದವು. ಹೊಟ್ಟೆ ಕೊಯ್ಯುವ ಮೊದಲೇ ಕೊಟ್ಟಾಗ ತಾಯಿಯ ಸೋಂಕುಗಳು ಸುಮಾರು ಶೇ 40ರಷ್ಟು ಕಡಿಮೆಯಾದವು, ಮಗುವಿನ ನಂಜು, ಮಗುವಿನ ಐಸಿಯು ದಾಖಲಾತಿ ಹೆಚ್ಚಲಿಲ್ಲ. ಈಗ ಶಸ್ತ್ರಚಿಕಿತ್ಸೆಗೆ 30ರಿಂದ 60 ನಿಮಿಷ ಮೊದಲು ಒಂದೇ ಡೋಸ್ ಕೊಡುವುದು ಸರಿಯಾದ ಕ್ರಮ. ತೊಡಕಿಲ್ಲದ ಸಿಸೇರಿಯನ್‌ಗೆ ಆ ಒಂದು ಡೋಸ್ ಸಾಕು. ಐದು ದಿನ, ಏಳು ದಿನ ಎಂದು ಮುಂದುವರಿಸುವುದಕ್ಕೆ ಆಧಾರವಿಲ್ಲ.

ಏಳನೇ ತಿಂಗಳಲ್ಲೇ ನೋವು ಬಂದಿದೆ. ಮುನ್ನೆಚ್ಚರಿಕೆಗೆ ಆಂಟಿಬಯೋಟಿಕ್ ಕೊಡಿ ಎಂದು ನಾವೇ ಕೇಳಬಹುದೇ?

ಈ ಇಡೀ ಪುಟದಲ್ಲಿ ಯಾವುದಾದರೂ ಒಂದು ಉತ್ತರವನ್ನು ನಿಧಾನವಾಗಿ ಓದಬೇಕೆಂದರೆ ಇದನ್ನೇ ಓದಿ.

ಬ್ರಿಟನ್ನಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ‘ಆರಕಲ್’ ಎಂಬ ಎರಡು ದೊಡ್ಡ ಪ್ರಯೋಗಗಳಿವೆ. ಮೊದಲನೆಯದು ದಿನ ತುಂಬುವ ಮೊದಲೇ ನೀರು ಒಡೆದ ತಾಯಂದಿರದು. ಅಲ್ಲಿ ಎರಿಥ್ರೊಮೈಸಿನ್ ಮಗುವಿಗೆ ಒಳ್ಳೆಯದನ್ನೇ ಮಾಡಿತು, ಇಂದಿಗೂ ಅದನ್ನು ಕೊಡುತ್ತಾರೆ. ಅದೇ ಪ್ರಯೋಗದಲ್ಲಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲದ ಮಿಶ್ರಣ ಪಡೆದ ತಾಯಂದಿರ ಮಕ್ಕಳಲ್ಲಿ ಕರುಳು ಕೊಳೆಯುವ ಭಯಾನಕ ಕಾಯಿಲೆ ಹೆಚ್ಚಾಗಿ ಕಂಡುಬಂತು. ಔಷಧದಂಗಡಿಗಳಲ್ಲಿ ಅತಿ ಹೆಚ್ಚು ಮಾರಾಟವಾಗುವ ಆಂಟಿಬಯೋಟಿಕ್‌ಗಳಲ್ಲಿ ಈ ಮಿಶ್ರಣವೂ ಒಂದು. ದಿನ ತುಂಬದೆ ನೀರು ಒಡೆದ ತಾಯಿಗೆ ಇದನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡನೆಯದು ಅವಧಿಗೆ ಮುನ್ನ ನೋವು ಬಂದಿದ್ದರೂ ನೀರು ಒಡೆದಿರದ, ಸೋಂಕಿನ ಲಕ್ಷಣವೂ ಇಲ್ಲದ ತಾಯಂದಿರದು. ಅಲ್ಲಿ ಔಷಧದಿಂದ ಯಾವ ಲಾಭವೂ ಆಗಲಿಲ್ಲ. ಆ ಮಕ್ಕಳಿಗೆ ಏಳು ವರ್ಷವಾದಾಗ ಮತ್ತೆ ವಿಚಾರಿಸಿದರು. 2008ರಲ್ಲಿ ಬಂದ ಫಲಿತಾಂಶ ವೈದ್ಯರನ್ನು ಬೆಚ್ಚಿಬೀಳಿಸಿತು. ತಾಯಿ ಎರಿಥ್ರೊಮೈಸಿನ್ ಪಡೆದಿದ್ದ ಮಕ್ಕಳಲ್ಲಿ ಶೇ 3.3ರಷ್ಟು ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲುಗಳ ಚಲನೆ ಕೆಡುವ ಸ್ಥಿತಿ) ಇತ್ತು, ಅದನ್ನು ಪಡೆಯದವರಲ್ಲಿ ಶೇ 1.7. ನೀರು ಒಡೆದಿದ್ದ ಮೊದಲ ಗುಂಪಿನ ಮಕ್ಕಳಲ್ಲಿ ಮಾತ್ರ ಏಳನೇ ವಯಸ್ಸಿಗೆ ಇಂಥ ವ್ಯತ್ಯಾಸ ಕಾಣಲಿಲ್ಲ.

ಒಂದೇ ಔಷಧ, ಒಂದೇ ಪ್ರಮಾಣ. ಕಾರಣವಿದ್ದ ಗುಂಪಿಗೆ ಒಳಿತಾಯಿತು, ಕಾರಣವಿಲ್ಲದ ಗುಂಪಿಗೆ ಕೆಡುಕಿನ ಸುಳಿವು ಸಿಕ್ಕಿತು. ಹಾಗಾಗಿ ನೀರು ಒಡೆಯದ, ಸೋಂಕಿಲ್ಲದ ಅಕಾಲಿಕ ನೋವಿನಲ್ಲಿ ಹೆರಿಗೆ ತಡೆಯಲೆಂದು ಆಂಟಿಬಯೋಟಿಕ್ ಕೊಡುವುದಿಲ್ಲ. ಹೆರಿಗೆ ಆಗಿಯೇ ತೀರುತ್ತದೆ ಎಂದು ಖಚಿತವಾದಾಗ ಜಿಬಿಎಸ್ ತಡೆಯಲು ಪೆನಿಸಿಲಿನ್ ಕೊಡುವುದು ಬೇರೆ ಮಾತು, ಅದು ಸರಿಯೇ. ಕೊಡಿ ಕೊಡಿ ಎಂದು ಮನೆಯವರು ಒತ್ತಡ ಹಾಕಬಾರದು.

ಹೆರಿಗೆ ನೋವಿನಲ್ಲಿ ಅಜಿತ್ರೊಮೈಸಿನ್ ಮಾತ್ರೆ ಕೊಡುವ ಬಗ್ಗೆ ಬೆಳಗಾವಿಯಲ್ಲಿ ಸಂಶೋಧನೆ ನಡೆದಿದೆಯಂತೆ?

ಹೌದು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಕೆನ್ಯಾ, ಜಾಂಬಿಯಾ, ಕಾಂಗೊ ಮತ್ತು ಗ್ವಾಟೆಮಾಲಾ ಎಂಬ ಏಳು ದೇಶಗಳಲ್ಲಿ ನಡೆದ ಪ್ರಯೋಗವದು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರದ ತಾಯಂದಿರು ಭಾಗವಹಿಸಿದ್ದರು. ಸಹಜ ಹೆರಿಗೆಗೆ ಸಿದ್ಧರಾಗಿದ್ದ ಒಟ್ಟು 29,278 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 2 ಗ್ರಾಂ ಅಜಿತ್ರೊಮೈಸಿನ್ ಒಂದೇ ಸಲ ಬಾಯಿಯ ಮೂಲಕ ಕೊಟ್ಟರು, ಉಳಿದವರಿಗೆ ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆ. 2023ರಲ್ಲಿ ಫಲಿತಾಂಶ ಹೊರಬಂತು. ತಾಯಿಗೆ ನಂಜು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು. ಬಾಣಂತಿ ನಂಜಿನಿಂದ ಇಂದಿಗೂ ತಾಯಂದಿರು ಸಾಯುವ ದೇಶಗಳಿಗೆ ಇದು ದೊಡ್ಡ ಸಂಗತಿ, ಅದರಲ್ಲಿ ನಮ್ಮ ಜಿಲ್ಲೆಯೊಂದರ ಹೆಂಗಸರ ಪಾಲಿದೆ ಎನ್ನುವುದು ಹೆಮ್ಮೆಯ ವಿಷಯ.

ಮಗುವಿನ ಮಟ್ಟಿಗೆ? ಮೃತ ಜನನ, ಹಸುಗೂಸಿನ ನಂಜು ಅಥವಾ ಸಾವು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ: ಶೇ 10.5 ಮತ್ತು ಶೇ 10.3. ಮಗುವಿಗೆ ಲಾಭವೂ ಆಗಲಿಲ್ಲ, ನಷ್ಟವೂ ಕಾಣಲಿಲ್ಲ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಮತ್ತು ಬುರ್ಕಿನಾ ಫಾಸೊದಲ್ಲಿ ನಡೆದ ಇಂಥದೇ ಇನ್ನೊಂದು ದೊಡ್ಡ ಪ್ರಯೋಗದಲ್ಲೂ ಮಗುವಿನ ನಂಜು ಮತ್ತು ಸಾವು ತಗ್ಗಲಿಲ್ಲ. ಎಲ್ಲ ತಾಯಂದಿರಿಗೂ ಕೊಟ್ಟರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಬಹುದೆಂಬ ಆತಂಕವೂ ಇದೆ. ವೈದ್ಯರು ನೋಡಿ ಕೊಟ್ಟರೆ ತೆಗೆದುಕೊಳ್ಳಿ. ಅಂಗಡಿಯಿಂದ ತಂದು ನೋವು ಬಂದಾಗ ನುಂಗಿಕೊಳ್ಳುವ ಮಾತ್ರೆ ಇದಲ್ಲ.

ಮಗುವಿನ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ ಎನ್ನುತ್ತಾರೆ. ಇದು ಎಷ್ಟು ನಿಜ?

ಇದರಲ್ಲಿ ಹುರುಳಿದೆ. ಮಗು ಹುಟ್ಟುವಾಗ ತಾಯಿಯ ಯೋನಿ ಮತ್ತು ಕರುಳಿನಿಂದ ಅದರ ಕರುಳಿಗೆ ಮೊದಲ ಬ್ಯಾಕ್ಟೀರಿಯಾಗಳು ಸೇರುತ್ತವೆ. ಹೆರಿಗೆಯಲ್ಲಿ ತಾಯಿಗೆ ಆಂಟಿಬಯೋಟಿಕ್ ಕೊಟ್ಟ ಮಕ್ಕಳ ಮಲವನ್ನು ಪರೀಕ್ಷಿಸಿದಾಗ ಬಿಫಿಡೊಬ್ಯಾಕ್ಟೀರಿಯಂ ಎಂಬ ಉಪಕಾರಿ ಗುಂಪು ಮೊದಲ ವಾರಗಳಲ್ಲಿ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಔಷಧ ಹೆಚ್ಚು ಹೊತ್ತು ನಡೆದಷ್ಟೂ ವ್ಯತ್ಯಾಸ ಹೆಚ್ಚು. ಸಹಜ ಹೆರಿಗೆಯಾಗಿ ಎದೆಹಾಲು ಕುಡಿಯುವ ಮಕ್ಕಳಲ್ಲಿ ಸುಮಾರು ಮೂರು ತಿಂಗಳ ಹೊತ್ತಿಗೆ ಈ ವ್ಯತ್ಯಾಸ ಬಹಳಮಟ್ಟಿಗೆ ಅಳಿಸಿಹೋಗುತ್ತದೆ. ಸಿಸೇರಿಯನ್ ಆಗಿ, ಜೊತೆಗೆ ಡಬ್ಬಿ ಹಾಲೂ ಸೇರಿಕೊಂಡರೆ ಹೆಚ್ಚು ಕಾಲ ಉಳಿಯಬಹುದು.

ಮುಂದೆ ಇದರಿಂದ ಆಸ್ತಮಾ, ಅಲರ್ಜಿ, ಬೊಜ್ಜು ಬರುತ್ತದೆಯೇ ಎಂಬ ಪ್ರಶ್ನೆಗೆ ಅಧ್ಯಯನಗಳು ಒಂದೇ ದನಿಯಲ್ಲಿ ಉತ್ತರಿಸುವುದಿಲ್ಲ. ಆಂಟಿಬಯೋಟಿಕ್ ಬೇಕಾದ ತಾಯಂದಿರಲ್ಲಿ ಸೋಂಕು, ಅಕಾಲಿಕ ಹೆರಿಗೆ, ಸಿಸೇರಿಯನ್ ಮೊದಲೇ ಹೆಚ್ಚಿರುವುದರಿಂದ ಯಾವುದರಿಂದ ಯಾವುದಾಯಿತು ಎಂದು ಬೇರ್ಪಡಿಸುವುದು ಕಷ್ಟ. ನನ್ನ ನಿಲುವು ಇಷ್ಟು: ಕರುಳಿನ ಬ್ಯಾಕ್ಟೀರಿಯಾದ ಮಾತು ಅನವಶ್ಯಕ ಔಷಧವನ್ನು ಬೇಡವೆನ್ನಲು ಬಲವಾದ ಕಾರಣ, ಬೇಕಾದ ಔಷಧವನ್ನು ನಿರಾಕರಿಸಲು ಖಂಡಿತ ಕಾರಣವಲ್ಲ. ತಿಂಗಳುಗಳಲ್ಲಿ ಸರಿಹೋಗುವ ಏರುಪೇರಿಗೆ ಹೆದರಿ ರಕ್ತದ ನಂಜಿಗೆ ಬಾಗಿಲು ತೆರೆಯಬಾರದು.

ಆಂಟಿಬಯೋಟಿಕ್ ಉಷ್ಣ. ಮಗುವಿಗೆ ತಂಪಾಗಲೆಂದು ಸಕ್ಕರೆ ನೀರು, ಬಜೆ, ಹರಳೆಣ್ಣೆ ಕೊಡಬಹುದೇ?

ಬೇಡ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಅವರನ್ನು ನೋಯಿಸದೆ ಬೇಡವೆನ್ನಬೇಕು. ನೆಕ್ಕಿಸುವ ಜೇನುತುಪ್ಪ, ತೇದ ಬಜೆ, ಬೆರಳಿನಲ್ಲಿ ಅದ್ದಿದ ಎಣ್ಣೆ ಇವು ಈಗಷ್ಟೇ ಜೋಡಣೆಗೊಳ್ಳುತ್ತಿರುವ ಕರುಳಿಗೆ ಹೊಸ ಸೋಂಕನ್ನು ತರುತ್ತವೆ. ಜೇನುತುಪ್ಪದಿಂದ ಒಂದು ವರ್ಷದೊಳಗಿನ ಮಕ್ಕಳಿಗೆ ಬಾಟುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆ ಬರಬಹುದು. ಆಂಟಿಬಯೋಟಿಕ್ ಪಡೆದ ತಾಯಿಯ ಮಗುವಿಗೆ ಅತ್ಯಂತ ಬೇಕಾದದ್ದು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ. ಬಿಫಿಡೊಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ವಿಶೇಷ ಸಕ್ಕರೆಗಳು ಎದೆಹಾಲಿನಲ್ಲೇ ಇವೆ.

ಔಷಧ ನಡೆಯುತ್ತಿರುವಾಗ ಹಾಲೂಡಿಸಬಹುದೇ?

ಊಡಿಸಬಹುದು. ಪೆನಿಸಿಲಿನ್, ಆಂಪಿಸಿಲಿನ್, ಸೆಫಜೋಲಿನ್, ಜೆಂಟಾಮೈಸಿನ್ ಎದೆಹಾಲಿಗೆ ಬಹಳ ಕಡಿಮೆ ಸೇರುತ್ತವೆ. ಸಾಮಾನ್ಯ ಪ್ರಮಾಣದ ಮೆಟ್ರೊನಿಡಜೋಲ್‌ಗೂ ಹಾಲು ನಿಲ್ಲಿಸಬೇಕಿಲ್ಲ. ಮಗುವಿನ ಮಲ ಸ್ವಲ್ಪ ತೆಳುವಾಗಬಹುದು, ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಕಟ್ಟಬಹುದು. ಬಿಳಿ ಪದರ ಶಿಲೀಂಧ್ರದ್ದು. ವೈದ್ಯರಿಗೆ ತೋರಿಸಿದರೆ ಸುಲಭವಾಗಿ ವಾಸಿಯಾಗುತ್ತದೆ. ತಾಯಿಯ ಮೊಲೆತೊಟ್ಟು ಉರಿಯುತ್ತಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಬೇಕು.

ಹುಟ್ಟಿದಾಗ ಹಾಕುವ ಲಸಿಕೆಗಳನ್ನು ಮುಂದೂಡಬೇಕೇ?

ಬೇಡ. ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಎಲ್ಲವನ್ನೂ ಎಂದಿನಂತೆ ಹಾಕಿಸಿ.

ತಾಯಿಗೆ ಕೊಟ್ಟಿದ್ದಾರೆಂದು ಮಗುವಿಗೂ ಇಂಜೆಕ್ಷನ್ ಕೊಡಬೇಕೇ?

ತಾನಾಗಿ ಬೇಕಾಗುವುದಿಲ್ಲ. ತಾಯಿಗೆ ಗರ್ಭಕೋಶದ ಸೋಂಕು ಇತ್ತೇ, ಮಗು ಎಷ್ಟು ವಾರಕ್ಕೆ ಹುಟ್ಟಿತು, ಈಗ ಹೇಗಿದೆ ಎಂಬುದನ್ನು ನೋಡಿ ಮಕ್ಕಳ ವೈದ್ಯರು ನಿರ್ಧರಿಸುತ್ತಾರೆ. ದಿನ ತುಂಬಿ ಹುಟ್ಟಿದ, ಚೆನ್ನಾಗಿ ಹಾಲು ಕುಡಿಯುವ, ಲವಲವಿಕೆಯ ಮಗುವನ್ನು ತಾಯಿಯ ಪಕ್ಕದಲ್ಲೇ ಇಟ್ಟು ಗಮನಿಸಿದರೆ ಎಷ್ಟೋ ಸಲ ಸಾಕು.

ಅನವಶ್ಯಕವಾಗಿ ಕೊಡಬೇಡಿ ಎನ್ನುವುದಕ್ಕೆ ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಕಾರಣವಿದೆ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಸುಗೂಸುಗಳ ನಂಜಿಗೆ ಮುಖ್ಯ ಕಾರಣಗಳಾಗಿ ಕಂಡದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಇ. ಕೊಲೈ. ಜಿಬಿಎಸ್ ಅಲ್ಲಿ ಮುಂಚೂಣಿಯಲ್ಲಿರಲಿಲ್ಲ. ಆ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಹಲವು ಆಂಟಿಬಯೋಟಿಕ್‌ಗಳಿಗೆ ಒಟ್ಟಿಗೇ ಬಗ್ಗದವು. ಇಂದು ಒಂದು ವಾರ್ಡಿನಲ್ಲಿ ಎಲ್ಲ ಬಾಣಂತಿಯರಿಗೂ ‘ಇರಲಿ’ ಎಂದು ಸೆಫ್ಟ್ರಿಯಾಕ್ಸೋನ್ ಹಾಕುತ್ತಾ ಹೋದರೆ ನಾಳೆ ಅದೇ ವಾರ್ಡಿನಲ್ಲಿ ನಿಜವಾಗಿ ನಂಜು ತಗುಲಿದ ಮಗುವಿಗೆ ಕೊಡಲು ಕೆಲಸ ಮಾಡುವ ಔಷಧ ಉಳಿಯುವುದಿಲ್ಲ. ಕೈ ತೊಳೆಯದ ಸಿಬ್ಬಂದಿ, ಕೊಳಕು ಹೆರಿಗೆ ಮೇಜು, ಒಂದೇ ಹಾಸಿಗೆಯಲ್ಲಿ ಇಬ್ಬರು ಬಾಣಂತಿಯರು ಇರುವಲ್ಲಿ ಆಂಟಿಬಯೋಟಿಕ್ ಸ್ವಚ್ಛತೆಯ ಬದಲಿಯಾಗಲಾರದು.

ಮಗುವನ್ನು ಎಷ್ಟು ಹೊತ್ತು ಗಮನಿಸಬೇಕು? ತಾಯಿಗೆ ಕೊಟ್ಟ ಔಷಧ ಮಗುವಿನ ಕಾಯಿಲೆಯನ್ನು ಮುಚ್ಚಿಬಿಡುವುದಿಲ್ಲವೇ?

ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರುವ ಸಾಧ್ಯತೆ ಇದೆ. ಆದರೆ ಮಗುವಿನ ಮೈಮೇಲೆ ಕಾಣುವ ಲಕ್ಷಣಗಳು ಅದರಿಂದ ತಡವಾಗುವುದಿಲ್ಲ. ಮೊದಲ ವಾರದ ಜಿಬಿಎಸ್ ಕಾಯಿಲೆಯ ಲಕ್ಷಣ ಹೆಚ್ಚಿನ ಮಕ್ಕಳಲ್ಲಿ ಮೊದಲ ದಿನದಲ್ಲೇ ಕಾಣಿಸುತ್ತದೆ. ಹಾಗಾಗಿ ಅಪಾಯದ ಸೂಚನೆ ಇದ್ದ ಮಗು 48 ಗಂಟೆಯಾದರೂ ಆಸ್ಪತ್ರೆಯಲ್ಲಿರುವುದು ಒಳ್ಳೆಯದು.

ಮನೆಗೆ ಬಂದ ಮೇಲೆ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ: ಮಗು ಹಾಲು ಕುಡಿಯುವುದನ್ನು ನಿಲ್ಲಿಸುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ಉಸಿರೆಳೆದಾಗ ಎದೆಯ ಕೆಳಭಾಗ ಆಳವಾಗಿ ಒಳಸೇರುವುದು, ನರಳುವುದು, ಫಿಟ್ಸ್, ಮೈ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಥವಾ 35.5ಕ್ಕಿಂತ ತಣ್ಣಗಾಗುವುದು, ಮುಟ್ಟಿ ಎಬ್ಬಿಸಿದರೂ ಕೈಕಾಲು ಆಡಿಸದಿರುವುದು. ಮೈ ತಣ್ಣಗಾಗುವುದನ್ನು ಜನ ಕಡೆಗಣಿಸುತ್ತಾರೆ. ಹಸುಗೂಸಿನ ನಂಜಿನಲ್ಲಿ ಜ್ವರದಷ್ಟೇ ಅದೂ ಅಪಾಯದ ಸೂಚನೆ. 108ಕ್ಕೆ ಕರೆ ಮಾಡಿ; ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕವಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಹಸುಗೂಸಿನ ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಹೆರಿಗೆಯಲ್ಲಿ ಏನು ಔಷಧ ಕೊಟ್ಟರೆಂದು ಅವರಿಗೂ ಹೇಳಿ.

ಒಂದು ವಾರ ದಾಟಿದ ಮೇಲೆ ಬರುವ ಜಿಬಿಎಸ್ ಕಾಯಿಲೆಯನ್ನು ಹೆರಿಗೆಯ ಔಷಧ ತಡೆಯುವುದಿಲ್ಲ. ಮೂರು ತಿಂಗಳವರೆಗೂ ಎಚ್ಚರವಿರಬೇಕು.

ವೈದ್ಯರನ್ನು ಏನು ಕೇಳಬೇಕು? ಕೇಳಿದರೆ ಸಿಟ್ಟಾಗುತ್ತಾರೆ.

ಮೂರು ವಿಷಯ ಕೇಳಿ: ಯಾವ ಕಾರಣಕ್ಕೆ, ಯಾವ ಔಷಧ, ಎಷ್ಟು ಡೋಸ್. ನೋವಿನಲ್ಲಿರುವ ತಾಯಿ ಕೇಳಲಾಗುವುದಿಲ್ಲ, ಜೊತೆಗಿರುವವರು ಕೇಳಬೇಕು. ಔಷಧದ ಹೆಸರು, ಮೊದಲ ಡೋಸ್ ಕೊಟ್ಟ ಗಂಟೆ, ನೀರು ಒಡೆದ ಗಂಟೆ ಈ ಮೂರನ್ನೂ ಬಿಡುಗಡೆಯ ಚೀಟಿಯಲ್ಲಿ ಬರೆಸಿಕೊಳ್ಳಿ. ಮಗುವಿಗೆ ಮೂರನೆಯ ದಿನ ಜ್ವರ ಬಂದು ಬೇರೆ ಆಸ್ಪತ್ರೆಗೆ ಓಡಿದಾಗ ಅಲ್ಲಿನ ವೈದ್ಯರಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವ ಮಾಹಿತಿ ಅದೇ. ಇದನ್ನು ಕೇಳುವುದು ತಾಯಿಯ ಹಕ್ಕು. ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

ಈ ಸಲ ಜಿಬಿಎಸ್‌ಗೆ ಔಷಧ ಕೊಟ್ಟಿದ್ದರು. ಮುಂದಿನ ಹೆರಿಗೆಗೂ ಬೇಕೇ?

ಈ ಮಗುವಿಗೆ ಜಿಬಿಎಸ್ ಕಾಯಿಲೆ ಬಂದಿದ್ದರೆ ಮುಂದಿನ ಹೆರಿಗೆಯಲ್ಲಿ ಪರೀಕ್ಷೆಗೂ ಕಾಯದೆ ಔಷಧ ಕೊಡುತ್ತಾರೆ. ಬ್ಯಾಕ್ಟೀರಿಯಾ ತಾಯಿಯಲ್ಲಿ ಮಾತ್ರ ಇದ್ದು ಮಗು ಚೆನ್ನಾಗಿದ್ದರೆ, ಮುಂದಿನ ಬಸಿರಿನಲ್ಲೂ ಅದು ಇರುವ ಸಾಧ್ಯತೆ ಸುಮಾರು ಅರ್ಧದಷ್ಟು. ಆಗ 36ನೇ ವಾರದ ಹೊತ್ತಿಗೆ ಪರೀಕ್ಷೆ ಮಾಡಿಸಿ ನಿರ್ಧರಿಸಬಹುದು. ಗರ್ಭಿಣಿಗೆ ಹಾಕುವ ಜಿಬಿಎಸ್ ಲಸಿಕೆಗಳು ಪ್ರಯೋಗದ ಹಂತದಲ್ಲಿವೆ. ಅವು ಕೈಗೆ ಬರುವವರೆಗೆ ಹಳೆಯ ಚೀಟಿಯನ್ನು ಜೋಪಾನವಾಗಿಟ್ಟು, ಮುಂದಿನ ಬಸಿರಿನ ಮೊದಲ ತಪಾಸಣೆಯಲ್ಲೇ ವೈದ್ಯರ ಮುಂದಿಡಿ.